ಕನ್ನಡದ ಕೀಲಿಮಣೆ: ಆಕಾರದಿಂದ ಉಚ್ಚಾರಕ್ಕೆ

ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ರೂಪಿಸಿದವರು ಕೆ. ಅನಂತಸುಬ್ಬರಾವ್. ಆ ಯಂತ್ರದಲ್ಲಿ ಅಕ್ಷರ ಮೂಡುತ್ತಿದ್ದುದು ಉಚ್ಚಾರದಿಂದಲ್ಲ, ಆಕಾರದಿಂದ. ತಲೆಕಟ್ಟು, ಕೊಂಬು, ಒತ್ತುಗಳನ್ನು ಬಿಡಿಬಿಡಿಯಾಗಿ ಜೋಡಿಸಬೇಕಿತ್ತು. ಕಲಿಯಲು ತಿಂಗಳುಗಳೇ ಬೇಕಾಗುತ್ತಿದ್ದವು.

ಕಂಪ್ಯೂಟರ್ ಬಂದ ಮೇಲೆ ಈ ಕಟ್ಟುಪಾಡು ಅನಗತ್ಯವಾಯಿತು. ಕೇಂದ್ರ ಸರ್ಕಾರ 1986ರಲ್ಲಿ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ ಬಂದವು. ತರ್ಕಬದ್ಧವಾದರೂ ಅದನ್ನು ಹೊಸದಾಗಿ ಬಾಯಿಪಾಠ ಮಾಡಲೇಬೇಕು.

ಉಚ್ಚಾರವನ್ನೇ ಆಧರಿಸಿ ಕನ್ನಡ ಕೀಲಿಮಣೆ ವಿನ್ಯಾಸ ರೂಪಿಸಿದ ಕೆ.ಪಿ. ರಾವ್ ಅವರದು ಸರಳ, ಜಾಣ ದಾರಿ. ಇಂಗ್ಲಿಷ್ ಕೀಲಿಮಣೆಯ 'ಕೆ' ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಒತ್ತಕ್ಷರಕ್ಕೆ ನಡುವೆ 'ಎಫ್'. ಅಕಾರ ವ್ಯಂಜನದಲ್ಲೇ ಅಡಗಿರುವುದರಿಂದ 'ಕಮಲ'ಕ್ಕೆ ಮೂರೇ ಕೀಲಿ ಒತ್ತಿದರೆ ಸಾಕು. ಅಲ್ಪ ಬದಲಾವಣೆಗಳೊಂದಿಗೆ ಕರ್ನಾಟಕ ಸರ್ಕಾರ ಇದನ್ನೇ ಅಧಿಕೃತ ವಿನ್ಯಾಸವಾಗಿ ಒಪ್ಪಿತು. 'ನುಡಿ' ತಂತ್ರಾಂಶ ಅದನ್ನು ಕಚೇರಿಗಳಿಗೆ ಮುಟ್ಟಿಸಿತು.