ಹಿಂಬಾಲಕರ ತಲೆಗೆಷ್ಟು ಬೆಲೆ?

2011ರ ಜುಲೈನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯಕ್ಕೆ ವಿಚಿತ್ರವಾದ ದಾವೆಯೊಂದು ಬಂತು. ವಿವಾದದ ಸ್ವತ್ತು ಒಂದು ಟ್ವಿಟರ್ ಖಾತೆ. ಮೊಬೈಲ್ ಫೋನುಗಳ ಗುಣದೋಷಗಳನ್ನು ವಿಮರ್ಶಿಸುವ ಫೋನ್‌ಡಾಗ್ ಸಂಸ್ಥೆಯಲ್ಲಿ ನೋವಾ ಕ್ರಾವಿಟ್ಜ್ ಎಂಬವರು ವಿಮರ್ಶಕರಾಗಿದ್ದರು. ಸಂಸ್ಥೆಯ ಹೆಸರನ್ನೂ ತಮ್ಮ ಹೆಸರನ್ನೂ ಜೋಡಿಸಿದ ಖಾತೆಯೊಂದರಲ್ಲಿ ಅವರು ಬರೆಯುತ್ತಿದ್ದರು. 2010ರ ಅಕ್ಟೋಬರ್‌ನಲ್ಲಿ ಕೆಲಸ ಬಿಟ್ಟಾಗ ಖಾತೆಯ ಹೆಸರನ್ನಷ್ಟೇ ಬದಲಿಸಿ ಬರವಣಿಗೆ ಮುಂದುವರಿಸಿದರು. ಆ ಖಾತೆಯನ್ನು ಹಿಂಬಾಲಿಸುತ್ತಿದ್ದವರು ಸುಮಾರು 17,000 ಮಂದಿ.

ಸಂಸ್ಥೆ ಒಪ್ಪಲಿಲ್ಲ. ಹಿಂಬಾಲಕನೊಬ್ಬನಿಗೆ ತಿಂಗಳಿಗೆ ಎರಡೂವರೆ ಡಾಲರ್‌ನಂತೆ, ಎಂಟು ತಿಂಗಳಿಗೆ ಲೆಕ್ಕ ಹಾಕಿ 3,40,000 ಡಾಲರ್ ನಷ್ಟಪರಿಹಾರ ಕೇಳಿತು. ಉದ್ಯಮದಲ್ಲಿ ಇದೇ ರೂಢಿಯ ದರ ಎಂಬುದು ಅದರ ವಾದ. ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ ಎರಡೂವರೆ ಡಾಲರ್ ಎಂದು ನಿಗದಿ ಮಾಡಿದವರು ಯಾರು? ಅದಕ್ಕಿಂತ ಮುಖ್ಯವಾಗಿ, ಆ ಹದಿನೇಳು ಸಾವಿರ ಮಂದಿ ಯಾರ ಸ್ವತ್ತು?

ಜನರ ಗಮನಕ್ಕೆ ಬೆಲೆ ಕಟ್ಟುವ ಕೆಲಸ ಟ್ವಿಟರ್‌ನೊಂದಿಗೆ ಹುಟ್ಟಿದ್ದಲ್ಲ. 1833ರಲ್ಲಿ ಬೆಂಜಮಿನ್ ಡೇ ನ್ಯೂಯಾರ್ಕ್‌ನಲ್ಲಿ ‘ಸನ್’ ಪತ್ರಿಕೆಯನ್ನು ಒಂದು ಸೆಂಟ್‌ಗೆ ಮಾರಲು ಆರಂಭಿಸಿದಾಗ ಉಳಿದ ಪತ್ರಿಕೆಗಳ ಬೆಲೆ ಆರು ಸೆಂಟ್ ಇತ್ತು. ಓದುಗರಿಗೆ ಪತ್ರಿಕೆಯನ್ನು ಅಗ್ಗವಾಗಿ ಕೊಟ್ಟು, ಆ ಓದುಗರ ಗಮನವನ್ನು ಜಾಹೀರಾತುದಾರರಿಗೆ ಮಾರುವ ಉಪಾಯ ಅದು. ಓದುಗರ ಸಂಖ್ಯೆಯೇ ಹಣವಾದ ಮೇಲೆ ಸಂಖ್ಯೆಯನ್ನು ಉಬ್ಬಿಸಿ ಹೇಳುವವರೂ ಹುಟ್ಟಿಕೊಂಡರು. ಅದಕ್ಕೆ ಕಡಿವಾಣ ಹಾಕಲು 1914ರಲ್ಲಿ ಅಮೆರಿಕದಲ್ಲಿ ಪ್ರಸಾರ ಸಂಖ್ಯೆಯನ್ನು ತಪಾಸಣೆ ಮಾಡುವ ಸಂಸ್ಥೆ ಸ್ಥಾಪನೆಯಾಯಿತು. ಭಾರತದಲ್ಲಿ ಇಂಥದೇ ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಶನ್ಸ್ 1948ರಲ್ಲಿ ಬಂತು.

ರೇಡಿಯೋ ಬಂದಾಗ ತೊಡಕು ಹೆಚ್ಚಿತು. ಗಾಳಿಯಲ್ಲಿ ತೇಲಿಹೋಗುವ ದನಿಯನ್ನು ಎಷ್ಟು ಮಂದಿ ಕೇಳಿದರೆಂದು ಎಣಿಸುವುದು ಹೇಗೆ? 1942ರಲ್ಲಿ ನೀಲ್ಸನ್ ಕಂಪನಿ ರೇಡಿಯೋಗೆ ಜೋಡಿಸಿದ ‘ಆಡಿಮೀಟರ್’ ಎಂಬ ಉಪಕರಣದ ನೆರವಿನಿಂದ ಕೇಳುಗರ ಅಂದಾಜು ಕೊಡತೊಡಗಿತು. ಯಾವ ಕೇಂದ್ರಕ್ಕೆ ರೇಡಿಯೋ ತಿರುಗಿದೆ ಎಂಬುದನ್ನು ಅದು ದಾಖಲಿಸುತ್ತಿತ್ತು. ಆದರೆ ಹಾಡು ನಡೆಯುತ್ತಿರುವಾಗ ಮನೆಮಂದಿ ಕೇಳುತ್ತಿದ್ದರೋ, ಅಂಗಳದಲ್ಲಿ ಹರಟುತ್ತಿದ್ದರೋ, ಅದಕ್ಕೆ ತಿಳಿಯುತ್ತಿರಲಿಲ್ಲ.

ಅಂತರಜಾಲ ಈ ಕೊರತೆಯನ್ನು ನೀಗುವ ಭರವಸೆ ತೋರಿತು. 1994ರ ಅಕ್ಟೋಬರ್‌ನಲ್ಲಿ ‘ಹಾಟ್‌ವೈರ್ಡ್’ ತಾಣದಲ್ಲಿ ಪಟ್ಟಿಯಾಕಾರದ ಜಾಹೀರಾತುಗಳು ಕಾಣಿಸಿಕೊಂಡಾಗ, ನೋಡಿದವರಲ್ಲಿ ಎಷ್ಟು ಮಂದಿ ಒತ್ತಿದರು ಎಂಬುದನ್ನೂ ಎಣಿಸಲು ಸಾಧ್ಯವಾಯಿತು. 2009ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ‘ಲೈಕ್’ ಗುಂಡಿ ತಂದ ಮೇಲೆ ಮೆಚ್ಚುಗೆಯೂ ಅಂಕಿಯಾಯಿತು.

ಇಲ್ಲಿಂದ ಮುಂದೆ ‘ಎಂಗೇಜ್‌ಮೆಂಟ್’ ಎಂಬ ಮಾತು ಚಾಲ್ತಿಗೆ ಬಂತು. ಅಂದರೆ ಜನ ಸ್ಪಂದಿಸುವ ಪ್ರಮಾಣ. ಮೆಚ್ಚುಗೆ, ಪ್ರತಿಕ್ರಿಯೆ ಹಾಗೂ ಹಂಚಿಕೆಗಳನ್ನು ಕೂಡಿ, ಹಿಂಬಾಲಕರ ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಶೇಕಡಾವಾರು ಸಿಗುತ್ತದೆ. ಒಂದು ಲಕ್ಷ ಹಿಂಬಾಲಕರಿರುವ ಖಾತೆಗೆ 500 ಸ್ಪಂದನೆ ಬಂದರೆ ಪ್ರಮಾಣ ಶೇ 0.5. ಐದು ಸಾವಿರ ಮಂದಿಯ ಖಾತೆಗೆ 400 ಬಂದರೆ ಶೇ 8. ಆದ್ದರಿಂದಲೇ ದೊಡ್ಡ ಜಾತ್ರೆಗಿಂತ ಚಿಕ್ಕ ಸಂತೆಯಲ್ಲಿ ವ್ಯಾಪಾರ ಚೆನ್ನಾಗಿ ಕುದುರಬಹುದೆಂದು ಜಾಹೀರಾತುದಾರರು ಎಣಿಸುವುದುಂಟು. ಆದರೂ ಈ ಅಳತೆಗೋಲು ಎಲ್ಲರ ಕೈಯಲ್ಲಿ ಒಂದೇ ಉದ್ದದ್ದಲ್ಲ. ಕೆಲವರು ಹಿಂಬಾಲಕರಿಂದ ಭಾಗಿಸಿದರೆ, ಕೆಲವರು ಬರಹವನ್ನು ನಿಜವಾಗಿ ಕಂಡವರ ಸಂಖ್ಯೆಯಿಂದ ಭಾಗಿಸುತ್ತಾರೆ. ಬೈಗುಳವೂ ಒಂದು ಪ್ರತಿಕ್ರಿಯೆಯೇ ಆಗಿ ಲೆಕ್ಕಕ್ಕೆ ಸೇರುತ್ತದೆ.

ಹಳೆಯ ರೋಗವೂ ಮರುಕಳಿಸಿತು. ನಕಲಿ ಹಿಂಬಾಲಕರನ್ನು ಮಾರುತ್ತಿದ್ದ ಡೆವ್ಯೂಮಿ ಎಂಬ ಕಂಪನಿಯ ವ್ಯವಹಾರವನ್ನು 2018ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಬಯಲಿಗೆಳೆಯಿತು. ಮರುವರ್ಷ ಅಮೆರಿಕದ ಫೆಡರಲ್ ವಾಣಿಜ್ಯ ಆಯೋಗ ಅದರ ವಿರುದ್ಧ ಕ್ರಮ ಕೈಗೊಂಡಿತು. ಭಾರತದಲ್ಲಿ, ಹಣ ಪಡೆದು ಬರೆದದ್ದನ್ನು ಜಾಹೀರಾತೆಂದೇ ತಿಳಿಸಬೇಕೆಂದು ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲಿ ಮಾರ್ಗಸೂಚಿ ಹೊರಡಿಸಿತು. ಪ್ರಚಾರಕ್ಕೆಂದು ಕೊಟ್ಟ ವಸ್ತುವನ್ನು ಖಾತೆದಾರ ತಾನೇ ಇಟ್ಟುಕೊಂಡರೆ ಅದರ ಮೌಲ್ಯವೂ ಮೂಲದಲ್ಲಿ ತೆರಿಗೆ ಕಡಿತದ ವ್ಯಾಪ್ತಿಗೆ ಬರುವ ನಿಯಮ 2022ರ ಜುಲೈ 1ರಿಂದ ಜಾರಿಯಾಯಿತು.

ಇನ್ನು ನ್ಯಾಯಾಲಯದ ವಿಚಾರ. ಖಾತೆ ಟ್ವಿಟರ್‌ನದೇ ಹೊರತು ಫೋನ್‌ಡಾಗ್‌ನದಲ್ಲ, ಹಿಂಬಾಲಕರು ತಮಗೆ ಬೇಕೆಂದಾಗ ಬಿಟ್ಟುಹೋಗಲು ಸ್ವತಂತ್ರರು ಎಂದು ಕ್ರಾವಿಟ್ಜ್ ಪರ ವಾದ ನಡೆಯಿತು. ದಾವೆಯನ್ನು ಪೂರ್ತಿಯಾಗಿ ವಜಾ ಮಾಡಲು ನ್ಯಾಯಾಲಯ ಒಪ್ಪಲಿಲ್ಲ. ಕೊನೆಗೆ 2012ರ ಡಿಸೆಂಬರ್‌ನಲ್ಲಿ ಉಭಯಪಕ್ಷಗಳು ರಾಜಿಯಾದವು. ಖಾತೆ ಕ್ರಾವಿಟ್ಜ್ ಬಳಿಯೇ ಉಳಿಯಿತು. ಎರಡೂವರೆ ಡಾಲರ್ ನ್ಯಾಯವಾದ ದರವೇ ಎಂಬ ಪ್ರಶ್ನೆ ತೀರ್ಪು ಕಾಣದೆ ಮುಗಿಯಿತು.

ಆದರೆ ಪೆನ್ಸಿಲ್ವೇನಿಯಾದ ಇನ್ನೊಂದು ಮೊಕದ್ದಮೆ ತೀರ್ಪಿನವರೆಗೂ ನಡೆಯಿತು. ತಾವು ಸ್ಥಾಪಿಸಿದ್ದ ಕಂಪನಿಯಿಂದಲೇ 2011ರಲ್ಲಿ ಹೊರಬಿದ್ದ ಲಿಂಡಾ ಈಗಲ್ ಅವರ ಲಿಂಕ್ಡ್‌ಇನ್ ಖಾತೆಯನ್ನು ಕಂಪನಿ ವಶಕ್ಕೆ ತೆಗೆದುಕೊಂಡಿತ್ತು. 2013ರಲ್ಲಿ ನ್ಯಾಯಾಲಯ, ಅವರ ಹೆಸರನ್ನು ಅನಧಿಕೃತವಾಗಿ ಬಳಸಿದ್ದು ತಪ್ಪೆಂದು ಒಪ್ಪಿತು. ಆದರೆ ನಷ್ಟವನ್ನು ಖಚಿತವಾಗಿ ಸಾಬೀತುಪಡಿಸಲಾಗದ ಕಾರಣ ಕೊಡಿಸಿದ ಪರಿಹಾರ ಸೊನ್ನೆ.

ಒಂದೆಡೆ ಮೂರು ಲಕ್ಷ ನಲವತ್ತು ಸಾವಿರ ಡಾಲರ್‌ಗಳ ಬೇಡಿಕೆ, ಇನ್ನೊಂದೆಡೆ ಸೊನ್ನೆಯ ತೀರ್ಪು. ಮಾರುಕಟ್ಟೆ ಇವೆರಡರ ನಡುವೆ ಎಲ್ಲೋ ದಿನವೂ ಚೌಕಾಸಿ ಮಾಡುತ್ತಿದೆ. ಆ ಚೌಕಾಸಿಯಲ್ಲಿ ಖಾತೆದಾರನಿಗೆ ಪಾಲಿದೆ, ಕಂಪನಿಗೆ ಪಾಲಿದೆ. ಗಮನ ಕೊಟ್ಟ ಓದುಗನನ್ನು ಮಾತ್ರ ಯಾರೂ ಕೇಳುವುದಿಲ್ಲ. ಹಿಂಬಾಲಿಸುವುದನ್ನು ಬಿಡುವ ಗುಂಡಿಯೊಂದು ಅವನ ಬೆರಳ ತುದಿಯಲ್ಲೇ ಇದೆ. ಅವನು ಅದನ್ನು ಒತ್ತಿದೊಡನೆ ಎಲ್ಲರ ಲೆಕ್ಕದಿಂದಲೂ ಒಂದು ತಲೆ ಕಡಿಮೆಯಾಗುತ್ತದೆ.