ಪೇಜರ್ ಕೂಗಿದರೆ ಎಸ್‌ಟಿಡಿ ಬೂತಿಗೆ ಓಟ

ವಾರವಾರ ನನ್ನ ದನಿ ಕೇಳುವ ನೀವು ಈ ಸಲ ನನ್ನ ಬರಹವನ್ನೂ ಸ್ವಲ್ಪ ಸಹಿಸಿಕೊಳ್ಳಬೇಕು. ಇಂದಿನ ವಿಷಯ ಪೇಜರ್. ಸರಿಯಾಗಿ ಹೇಳಬೇಕೆಂದರೆ ಪೇಜರ್ ಅಲ್ಲ, ಪೇಜರಿಗೆ ಮಾತು ಕಲಿಸುತ್ತಿದ್ದ ಎನ್‌ಕೋಡರ್ ಎಂಬ ಪೆಟ್ಟಿಗೆ. ಸೊಂಟದ ಪೇಜರನ್ನು ಎಲ್ಲರೂ ನೋಡಿದ್ದಾರೆ. ಮೇಜಿನ ಮೇಲೆ ಕುಳಿತಿದ್ದ ಈ ಪೆಟ್ಟಿಗೆಯನ್ನು ನೋಡಿದವರು ಕಡಿಮೆ.

ಮೆಹದಿಪಟ್ಟಣಂ ಗೊತ್ತಲ್ಲ ನಿಮಗೆ? ಮೆಹದಿ ನವಾಜ್ ಜಂಗ್ ಅವರ ಹೆಸರಿನ ಬಡಾವಣೆ. ಗುಜರಾತಿನ ಮೊದಲ ರಾಜ್ಯಪಾಲರಾಗಿದ್ದವರು ಅವರು. ಈಗ ಅಲ್ಲಿ ಇಳಿದರೆ ತಲೆಯ ಮೇಲೆ 2009ರಲ್ಲಿ ತೆರೆದ ಎಕ್ಸ್‌ಪ್ರೆಸ್‌ವೇ, ಕೆಳಗೆ ರೈತು ಬಜಾರಿನ ಗದ್ದಲ, ಪಕ್ಕದಲ್ಲಿ ಸರೋಜಿನಿ ದೇವಿ ಕಣ್ಣಾಸ್ಪತ್ರೆ. ನಮಗೆ ಕನ್ನಡಿಗರಿಗೆ ಈ ಚೌರಸ್ತಾ ಪರಕೀಯವಲ್ಲ. ಚೇವೆಳ್ಳ, ಕೊಡಂಗಲ್ ದಾಟಿ ವಿಜಯಪುರದ ಕಡೆಗೆ ಹೋಗುವ ರಸ್ತೆ ಇಲ್ಲಿಂದಲೇ ಲಂಗರ್ ಹೌಸ್ ಕಡೆಗೆ ತಿರುಗುತ್ತದೆ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರುಗಳೂ ಈ ಊರೂ ಒಂದೇ ರಾಜ್ಯದಲ್ಲಿದ್ದವು ಎಂಬುದನ್ನು ನಿಮಗೆ ಬೇರೆ ನೆನಪಿಸಬೇಕಿಲ್ಲ.

ನನ್ನ ಸೋದರಮಾವ ಮೆಹದಿಪಟ್ಟಣಂನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಔಷಧ ಕಂಪನಿಯೊಂದರ ರೆಪ್ರೆಸೆಂಟೇಟಿವ್ ಆಗಿದ್ದರು. 1990ರ ದಶಕದ ಕೊನೆಯ ಮಾತು. ಬೇಸಿಗೆ ರಜೆಗೆ ಹೋದಾಗ ನಮಗೆ ಮಕ್ಕಳಿಗೆಲ್ಲ ಅವರ ಸೊಂಟದ ಕಪ್ಪು ಡಬ್ಬಿಯ ಮೇಲೇ ಕಣ್ಣು. ಅದು ಕೂಗಿದರೆ ಮಾವ ಊಟದ ತಟ್ಟೆ ಬಿಟ್ಟು ಎದ್ದು ಎಸ್‌ಟಿಡಿ ಬೂತಿಗೆ ಓಡುತ್ತಿದ್ದರು. ಅತ್ತೆ ಗೊಣಗುತ್ತಿದ್ದರು: "ಕೂಗೋದಕ್ಕೆ ಬರ್ತದೆ, ಮಾತಾಡೋದಕ್ಕೆ ಬರೋದಿಲ್ಲ. ಇದೆಂಥ ಯಂತ್ರಾರೀ!" ಪೇಜರ್ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನಾನು ಇದುವರೆಗೆ ಕೇಳಿಲ್ಲ.

ಮೂಲ ಕಥೆ ದೂರದ್ದು. ಅಮೆರಿಕದ ಆಲ್ ಗ್ರಾಸ್ 1949ರಲ್ಲಿ ಪೇಜರಿಗೆ ಪೇಟೆಂಟ್ ಪಡೆದರು. ಮರುವರ್ಷ ನ್ಯೂಯಾರ್ಕಿನ ಜ್ಯೂಯಿಷ್ ಆಸ್ಪತ್ರೆಯಲ್ಲಿ ಅದು ಬಳಕೆಗೆ ಬಂತು. 1956ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮಲ್ಟಿಟೋನ್ ಕಂಪನಿ ತನ್ನ ವ್ಯವಸ್ಥೆ ಹಾಕಿತು. ಎರಡೂ ಕಡೆ ಆಸ್ಪತ್ರೆ ಎಂಬುದನ್ನು ಗಮನಿಸಿ. ಯಾವ ವಾರ್ಡಿನಲ್ಲಿದ್ದಾರೋ ತಿಳಿಯದ ವೈದ್ಯರನ್ನು ಹುಡುಕುವುದೇ ಇದರ ಹುಟ್ಟುಗೆಲಸ. ನಮ್ಮ ದೇಶದಲ್ಲಿ 1992ರಲ್ಲಿ ಸರ್ಕಾರ 27 ನಗರಗಳ ಪೇಜಿಂಗ್ ಸೇವೆಗೆ ಖಾಸಗಿಯವರನ್ನು ಕರೆಯಿತು. 1995ರಿಂದ ಸೇವೆ ಶುರುವಾಯಿತು. ಪೇಜ್‌ಲಿಂಕ್, ಪೇಜ್‌ಪಾಯಿಂಟ್, ಈಸಿಕಾಲ್, ಮೊಬಿಲಿಂಕ್ ಮುಂತಾದ ಹೆಸರುಗಳು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಈಗ ಪೆಟ್ಟಿಗೆಯ ವಿಷಯಕ್ಕೆ ಬರೋಣ. ನಾನು ಸ್ಟುಡಿಯೋದಲ್ಲಿ ಮೈಕಿನ ಮುಂದೆ ಬಾಯಿ ತೆರೆದರೆ ಊರಿನ ಎಲ್ಲ ರೇಡಿಯೋಗಳಿಗೂ ಕೇಳುತ್ತದೆ, ಅಲ್ಲವೇ? ಪೇಜಿಂಗ್ ಕೂಡ ಹಾಗೆಯೇ. ಒಂದು ಟ್ರಾನ್ಸ್‌ಮಿಟರ್ ಕೂಗುತ್ತದೆ, ಆ ಕಂಪನಾಂಕಕ್ಕೆ ಹೊಂದಿಸಿದ ಪೇಜರುಗಳೆಲ್ಲ ಅದನ್ನು ಕೇಳಿಸಿಕೊಳ್ಳುತ್ತವೆ. ಆದರೆ ತನ್ನ ನಂಬರು ಬಂದಾಗ ಮಾತ್ರ ಪೇಜರ್ ಬಾಯಿ ಬಿಡುತ್ತದೆ. ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ. ಆ ಹಾಜರಿ ಪುಸ್ತಕ ಇರುವುದು ಎನ್‌ಕೋಡರಿನಲ್ಲಿ.

ಮೇಜಿನ ಮೇಲಿಡುವ ಸಣ್ಣ ಎನ್‌ಕೋಡರಿಗೆ ಒಂದು ಕೀಲಿಮಣೆ, ಒಂದೆರಡು ಸಾಲಿನ ಪುಟ್ಟ ಪರದೆ, ಹಿಂದೆ ಟ್ರಾನ್ಸ್‌ಮಿಟರಿಗೆ ಹೋಗುವ ತಂತಿ, ಕಂಪ್ಯೂಟರಿಗೆ ಜೋಡಿಸಲು ಸೀರಿಯಲ್ ಪೋರ್ಟು. ಆಸ್ಪತ್ರೆ, ಕಾರ್ಖಾನೆಗಳಿಗೆ ಇಷ್ಟೇ ಸಾಕು. ಊರಿಗೆಲ್ಲ ಸೇವೆ ಕೊಡುವ ಕಂಪನಿಗಳದ್ದು ದೊಡ್ಡ ಯಂತ್ರ. ಸಾಲಾಗಿ ಕುಳಿತ ಆಪರೇಟರುಗಳು ಟೈಪು ಮಾಡಿದ್ದೆಲ್ಲ ಅದಕ್ಕೆ ಹೋಗಿ ಸರದಿಯಲ್ಲಿ ನಿಲ್ಲುತ್ತಿತ್ತು. ಒಳಗಿನ ಕೆಲಸ ಮಾತ್ರ ಒಂದೇ.

ನಡೆಸುವುದು ಸುಲಭ. ಪೇಜರಿನ ಸಣ್ಣ ನಂಬರು ಒತ್ತಬೇಕು, 101 ಎಂದಿಟ್ಟುಕೊಳ್ಳಿ. ಸಂದೇಶ ಟೈಪು ಮಾಡಿ ಕಳಿಸುವ ಗುಂಡಿ ಒತ್ತಬೇಕು. ದಿನವೂ ಬೇಕಾಗುವ ಮಾತುಗಳನ್ನು, 'ವಾರ್ಡಿಗೆ ಕೂಡಲೇ ಬನ್ನಿ' ಎಂಬಂಥವನ್ನು, ಮೊದಲೇ ತುಂಬಿಟ್ಟು ಒಂದೇ ಗುಂಡಿಗೆ ಕಟ್ಟಿಡಬಹುದು. ಹತ್ತು ಜನರನ್ನು ಒಂದು ಗುಂಪು ಮಾಡಿ ಒಟ್ಟಿಗೆ ಕರೆಯಬಹುದು.

ಕಷ್ಟ ಇರುವುದು ಪ್ರೋಗ್ರಾಮಿಂಗಿನಲ್ಲಿ. 101 ಎಂದರೆ ಯಾರು ಎಂದು ಪೆಟ್ಟಿಗೆಗೆ ಮೊದಲು ಹೇಳಿಕೊಡಬೇಕು. ಪ್ರತಿ ಪೇಜರಿಗೂ ಏಳು ಅಂಕಿಯ ಕ್ಯಾಪ್ ಕೋಡ್ ಇರುತ್ತದೆ. ಅದರ ಜೊತೆಗೆ ವೇಗ ಎಷ್ಟು, 512 ಬಿಟ್ಟೋ 1200 ಬಿಟ್ಟೋ 2400 ಬಿಟ್ಟೋ? ಬರೀ ಬೀಪ್ ಸಾಕೋ, ಅಂಕಿ ಕಾಣಬೇಕೋ, ಅಕ್ಷರ ಕಾಣಬೇಕೋ? ನಾಲ್ಕು ಬಗೆಯ ಕೂಗಿನಲ್ಲಿ ಯಾವುದು? ಸೊನ್ನೆ ಒಂದುಗಳು ನೇರವೋ ತಿರುಗುಮುರುಗೋ? ಇವುಗಳಲ್ಲಿ ವೇಗ ತಪ್ಪಿದರೆ ಪೇಜರ್ ಸತ್ತಂತೆ ಸುಮ್ಮನಿರುತ್ತದೆ. ಅಂಕಿಯ ಪೇಜರಿಗೆ ಅಕ್ಷರ ಕಳಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ಗುರುತುಗಳ ಜಾತ್ರೆ. ಎನ್‌ಕೋಡರ್ ಮಾತ್ರ 'ಕಳಿಸಲಾಗಿದೆ' ಎಂದು ಹಲ್ಲು ಕಿರಿಯುತ್ತಿರುತ್ತದೆ.

ಇಷ್ಟೆಲ್ಲ ಕಟ್ಟುಪಾಡು ಬಂದದ್ದು ಪೊಕ್‌ಸ್ಯಾಗ್ ಎಂಬ ಸಂಕೇತ ಪದ್ಧತಿಯಿಂದ. ಬ್ರಿಟನ್ನಿನ ಅಂಚೆ ಇಲಾಖೆ ಕರೆದು ಕೂಡಿಸಿದ ತಂಡ 1970ರ ದಶಕದಲ್ಲಿ ಇದನ್ನು ರೂಪಿಸಿತು. ಅದರ ಜಾಣತನ ನೋಡಿ. ಮೊದಲು ಎನ್‌ಕೋಡರ್ ಒಂದು, ಸೊನ್ನೆ, ಒಂದು, ಸೊನ್ನೆ ಎಂದು ಕನಿಷ್ಠ 576 ಬಿಟ್ಟುಗಳ ಪೀಠಿಕೆ ಹಾಕುತ್ತದೆ. ಅಂದರೆ 'ಎಲ್ಲರೂ ಏಳಿ, ಸಂದೇಶ ಬರುತ್ತಿದೆ' ಎಂದು ಡಂಗುರ. ಆಮೇಲೆ ತಾಳ ಹಿಡಿಯಲು 32 ಬಿಟ್ಟಿನ ಒಂದು ಗುರುತು. ಅದರ ಹಿಂದೆ ಎಂಟು ಚೌಕಟ್ಟುಗಳು, ಒಂದೊಂದರಲ್ಲಿ 32 ಬಿಟ್ಟಿನ ಎರಡೆರಡು ಪದ.

ಈ ಎಂಟೇ ಯಾಕೆ? ನಿಮ್ಮ ಪೇಜರಿನ ಕ್ಯಾಪ್ ಕೋಡನ್ನು ಎಂಟರಿಂದ ಭಾಗಿಸಿ. ಉಳಿಯುವ ಶೇಷವೇ ನಿಮ್ಮ ಚೌಕಟ್ಟು. 1234567 ಎಂಬ ಕೋಡಾದರೆ ಶೇಷ 7, ಸೊನ್ನೆಯಿಂದ ಎಣಿಸಿದರೆ ಕೊನೆಯ ಚೌಕಟ್ಟು. ನಿಮ್ಮ ಹೆಸರು ಬರುವುದಿದ್ದರೆ ಅಲ್ಲಿ ಮಾತ್ರ. ಹಾಗಾಗಿ ಉಳಿದ ಏಳು ಚೌಕಟ್ಟುಗಳ ಹೊತ್ತು ಪೇಜರ್ ಕಣ್ಣು ಮುಚ್ಚಿ ಮಲಗಬಹುದು. ಸಣ್ಣದೊಂದು ಪೆನ್ಸಿಲ್ ಸೆಲ್ಲಿನಲ್ಲಿ ವಾರಗಟ್ಟಲೆ ಓಡುತ್ತಿದ್ದ ಗುಟ್ಟು ಇದೇ. ದಿನಕ್ಕೆರಡು ಸಲ ಚಾರ್ಜರ್ ಹುಡುಕುವ ನಮ್ಮಂಥವರು ನಾಚಬೇಕು!

ಪ್ರತಿ ಪದದಲ್ಲಿ 20 ಬಿಟ್ಟು ಮಾತ್ರ ಸಂದೇಶ, ಹತ್ತು ಬಿಟ್ಟು ತಪ್ಪು ತಿದ್ದುವುದಕ್ಕೆ. ದಾರಿಯಲ್ಲಿ ಒಂದೆರಡು ಬಿಟ್ಟು ಕೆಟ್ಟರೂ ಪೇಜರ್ ಸರಿಪಡಿಸಿಕೊಳ್ಳುತ್ತದೆ. ಅಂಕಿಗಳಾದರೆ ಒಂದು ಪದಕ್ಕೆ ಐದು ಹಿಡಿಯುತ್ತವೆ. 80 ಅಕ್ಷರದ ಸಂದೇಶ 1200ರ ವೇಗದಲ್ಲಿ ಎರಡು ಸೆಕೆಂಡಿನೊಳಗೆ ಗಾಳಿಗೆ ಹೋಗಿಬಿಡುತ್ತದೆ. 'ಇದು ಆಕಾಶವಾಣಿ' ಎಂದು ಹೇಳಿ ಮುಗಿಸುವಷ್ಟು ಹೊತ್ತು.

ಅಕ್ಷರ ಎಂದೆನಲ್ಲ, ಯಾವ ಅಕ್ಷರ? ಇಲ್ಲಿ ನಮ್ಮ ಹೊಟ್ಟೆನೋವು ಶುರು. ಪೊಕ್‌ಸ್ಯಾಗ್‌ನಲ್ಲಿ ಒಂದು ಅಕ್ಷರಕ್ಕೆ ಏಳೇ ಬಿಟ್ಟು, ಎಂದರೆ ಒಟ್ಟು 128 ಗುರುತು. ಇಂಗ್ಲಿಷಿಗೆ ಅದು ಧಾರಾಳ. ಭಾರತೀಯ ಲಿಪಿಗಳಿಗಾಗಿ 1991ರಲ್ಲಿ ಬಂದ ಇಸ್ಕಿ ಸಂಕೇತವೋ ಎಂಟು ಬಿಟ್ಟಿನದು. ಕನ್ನಡದ ಅಕ್ಷರಗಳು ಕೂತಿದ್ದು ಅದರ ಮೇಲಿನ ಅರ್ಧದಲ್ಲಿ, ಸಾಮಾನ್ಯ ಪೇಜರಿಗೆ ಕೈಗೆಟುಕದ ಅಟ್ಟದ ಮೇಲೆ. ಹೀಗಾಗಿ ಕನ್ನಡದ ಮಾತೆಲ್ಲ ಇಂಗ್ಲಿಷ್ ಅಕ್ಷರದ ವೇಷ ಹಾಕಿಯೇ ಹೋಗಬೇಕಿತ್ತು. ಕನ್ನಡ ಬಿಎ ಓದಿದವನ ಚಪಲ ಅನ್ನಿ, ನನಗೆ ಇದು ಬಹಳ ಕಾಡುತ್ತದೆ. ಬಲೆ, ಬಳೆ, ಬಾಳೆ ಮೂರೂ ಇಂಗ್ಲಿಷಿನಲ್ಲಿ ಒಂದೇ ನಾಲ್ಕಕ್ಷರ. ಬಳೆ ತರಲು ಹೇಳಿದರೆ ಬಾಳೆಹಣ್ಣಿನ ಚಿಪ್ಪು ಬರಬಹುದು.

ಅದಕ್ಕೂ ಮೊದಲಿನ ಪ್ರಶ್ನೆ: ಆ ಕನ್ನಡವನ್ನು ಟೈಪು ಮಾಡುವವರು ಯಾರು? ನೀವು ಕಂಪನಿಗೆ ಫೋನು ಮಾಡಿ, ಪೇಜರ್ ನಂಬರು ಹೇಳಿ, ಸಂದೇಶವನ್ನು ಆಪರೇಟರಿಗೆ ಬಾಯಲ್ಲಿ ಹೇಳಬೇಕು. ಹೈದರಾಬಾದಿನಲ್ಲಿ ಆ ತುದಿಯಲ್ಲಿದ್ದವರು ತೆಲುಗಿನವರೋ ಉರ್ದುವಿನವರೋ ಆಗಿರುತ್ತಿದ್ದರು. ಬೀದರಿನಿಂದ ಅಜ್ಜ ಹರಕು ದಖನಿಯಲ್ಲಿ ಹೇಳಿದ್ದು ಇಂಗ್ಲಿಷಾಗಿ ಮಾವನ ಸೊಂಟಕ್ಕೆ ಬರುತ್ತಿತ್ತು. ಗಂಡ ಹೆಂಡತಿಯ ಮಾತೂ, ಸಾಲದ ಮಾತೂ, ಹೆರಿಗೆಯ ಸುದ್ದಿಯೂ ಮೊದಲು ಕೇಳುತ್ತಿದ್ದದ್ದು ಒಬ್ಬ ಅಪರಿಚಿತ ಹೆಣ್ಣುಮಗಳ ಕಿವಿಗೆ. ಜನ ಅದಕ್ಕೂ ಉಪಾಯ ಕಂಡುಕೊಂಡರು. ನಮ್ಮ ಮನೆಯಲ್ಲಿ ಅಂಕಿಗಳ ಒಪ್ಪಂದ ಇತ್ತು: 1 ಎಂದರೆ ಪುರುಸೊತ್ತಾದಾಗ ಫೋನು ಮಾಡು, 2 ಎಂದರೆ ಊರಿಂದ ಯಾರೋ ಬಂದಿದ್ದಾರೆ, 9 ಎಂದರೆ ಇದ್ದಲ್ಲಿಂದ ಹೊರಡು.

ಒಂದು ಮಳೆಗಾಲದ ಮಧ್ಯಾಹ್ನ ಬೀದರಿನಿಂದ 9 ಹೋಯಿತು. ಮಾವ ಆಗ ಒಂದು ಔಷಧ ಅಂಗಡಿಯ ನೆಲಮಾಳಿಗೆಯ ಗೋದಾಮಿನಲ್ಲಿ ಸ್ಟಾಕು ಎಣಿಸುತ್ತಿದ್ದರು. ಅಲ್ಲಿಗೆ ಅಲೆ ಇಳಿಯಲಿಲ್ಲ. ಪೇಜರ್ ಕೂಗಲಿಲ್ಲ. ಮೇಲೆ ಬಂದ ಮೇಲೂ ಕೂಗಲಿಲ್ಲ, ಯಾಕೆಂದರೆ ಸಂದೇಶ ಅಷ್ಟರಲ್ಲಿ ಗಾಳಿಯಲ್ಲಿ ಕರಗಿಹೋಗಿತ್ತು. ರಾತ್ರಿ ಪಕ್ಕದ ಮನೆಯ ಲ್ಯಾಂಡ್‌ಲೈನಿಗೆ ಫೋನು ಬಂದಾಗಲೇ ಅಜ್ಜ ಹೋದ ಸುದ್ದಿ ತಿಳಿದದ್ದು. ಮಧ್ಯಾಹ್ನವೇ ಹೊರಟಿದ್ದರೆ ಜೀವ ಇರುವಾಗ ಮುಖ ನೋಡುತ್ತಿದ್ದರು. ಮಾವ ಯಾರನ್ನೂ ಬೈಯಲಿಲ್ಲ, ಆದರೆ ಆ ಡಬ್ಬಿಯನ್ನು ಮತ್ತೆ ಸೊಂಟಕ್ಕೆ ಕಟ್ಟಲೂ ಇಲ್ಲ. ಅಂಗಿಯ ಜೇಬಿಗೆ ಬಿದ್ದಿತು.

ಕಂಪನಿಯ ಕಡತದಲ್ಲಿ ಆ ಸಂದೇಶ 'ಕಳಿಸಲಾಗಿದೆ' ಎಂದೇ ಇದ್ದಿರಬೇಕು. ಅದು ಸುಳ್ಳೂ ಅಲ್ಲ. ಪೊಕ್‌ಸ್ಯಾಗ್ ಪೇಜರಿಗೆ ಕಿವಿ ಇದೆ, ಬಾಯಿ ಇಲ್ಲ. 'ತಲುಪಿತು' ಎಂದು ತಿರುಗಿ ಹೇಳುವ ದಾರಿಯೇ ಇಲ್ಲ. ಎನ್‌ಕೋಡರಿಗೆ ಗೊತ್ತಿರುವುದು ತಾನು ಕೂಗಿದ್ದಷ್ಟೇ. ಆದ್ದರಿಂದಲೇ ಮುಖ್ಯ ಸಂದೇಶವನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕಳಿಸುವ ಏರ್ಪಾಡು ಎನ್‌ಕೋಡರುಗಳಲ್ಲಿ ಇರುತ್ತದೆ. ರೇಡಿಯೋದವರಾದ ನಮಗೂ ಇದೇ ಪಾಡು. ನೀವು ಕೇಳುತ್ತಿದ್ದೀರೋ ಇಲ್ಲವೋ ಮೈಕಿಗೆ ತಿಳಿಯದು.

ದೊಡ್ಡ ದೇಶಗಳಲ್ಲೂ ಹೀಗಾದದ್ದುಂಟು. 1998ರ ಮೇ 19ರಂದು ಗ್ಯಾಲಕ್ಸಿ 4 ಎಂಬ ಉಪಗ್ರಹ ದಿಕ್ಕು ತಪ್ಪಿತು. ಅಮೆರಿಕದ ಬಹುಪಾಲು ಪೇಜರುಗಳು ಒಂದೇ ದಿನ ಮೂಕವಾದವು. ವೈದ್ಯರನ್ನು ಹುಡುಕಲು ಆಸ್ಪತ್ರೆಗಳು ಪರದಾಡಿದವು.

ನಮ್ಮಲ್ಲಿ ಪೇಜರನ್ನು ಮುಗಿಸಿದ್ದು ಉಪಗ್ರಹವಲ್ಲ, ಮೊಬೈಲು. ಮೊದಮೊದಲು ಮೊಬೈಲಿನಲ್ಲಿ ಒಳಬರುವ ಕರೆಗೂ ದುಡ್ಡು ಕೊಡಬೇಕಿತ್ತಾದ್ದರಿಂದ ಪೇಜರ್ ಕೆಲವು ವರ್ಷ ಉಸಿರಾಡಿತು. ಎಸ್ಸೆಮ್ಮೆಸ್ ಬಂತು, ದರ ಇಳಿಯಿತು, 2003ರ ಮೇ ತಿಂಗಳಿಂದ ಕರೆ ಮಾಡಿದವರೇ ದುಡ್ಡು ಕೊಡುವ ಪದ್ಧತಿ ಬಂತು. ಅಲ್ಲಿಗೆ ಆಟ ಮುಗಿಯಿತು. ಎಂಟು ಹತ್ತು ವರ್ಷದಲ್ಲಿ ಹುಟ್ಟಿ ಬೆಳೆದು ಸತ್ತ ಉದ್ಯಮ ಇದು. ಆಪರೇಟರ್ ಮೇಜಿನ ಹೆಣ್ಣುಮಕ್ಕಳ ನೌಕರಿಯೂ ಅದರ ಜೊತೆಗೇ ಹೋಯಿತು. ಅವರ ಬಗ್ಗೆ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಆದರೆ ಪ್ರಪಂಚ ಪೂರ್ತಿ ಕೈಬಿಟ್ಟಿಲ್ಲ. ಜಪಾನಿನಲ್ಲಿ ಕೊನೆಯ ಸಾರ್ವಜನಿಕ ಪೇಜಿಂಗ್ ಸೇವೆ ನಿಂತದ್ದು 2019ರ ಸೆಪ್ಟೆಂಬರಿನಲ್ಲಿ. ಅದೇ ವರ್ಷ ಬ್ರಿಟನ್ನಿನ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಇನ್ನೂ ಸುಮಾರು 1,30,000 ಪೇಜರುಗಳಿವೆ, 2021ರೊಳಗೆ ಬಿಡಬೇಕು ಎಂದು ಹೇಳಿತು. 2024ರ ಸೆಪ್ಟೆಂಬರ್ 17ರಂದು ಲೆಬನಾನಿನಲ್ಲಿ ಸ್ಫೋಟಕ ತುಂಬಿದ ಪೇಜರುಗಳು ಜನರ ಕೈಯಲ್ಲೇ ಸಿಡಿದಾಗ ಈ ಹೆಸರು ಮತ್ತೆ ಸುದ್ದಿಗೆ ಬಂತು, ಕೆಟ್ಟ ಕಾರಣಕ್ಕೆ. ಒಳ್ಳೆಯ ಕಾರಣಕ್ಕೂ ಇದನ್ನು ಬದುಕಿಸಿಟ್ಟವರಿದ್ದಾರೆ: ಹ್ಯಾಮ್ ರೇಡಿಯೋ ಹವ್ಯಾಸಿಗಳು. ಜರ್ಮನಿಯ ಆಖೆನ್‌ನಲ್ಲಿ ಶುರುವಾದ ಅವರ ಜಾಲವೊಂದು ಇದೇ ಪೊಕ್‌ಸ್ಯಾಗ್‌ನಲ್ಲಿ ಸಂದೇಶ ಕಳಿಸುತ್ತದೆ. ನಮ್ಮ ಹೈದರಾಬಾದಿನಲ್ಲೂ 1983ರಿಂದ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆ ಇದೆ. ಕುತೂಹಲ ಇದ್ದವರು ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬಹುದು. ಲೈಸೆನ್ಸ್ ಇಲ್ಲದೆ ಎನ್‌ಕೋಡರಿಗೆ ಟ್ರಾನ್ಸ್‌ಮಿಟರ್ ಜೋಡಿಸಲು ಮಾತ್ರ ಹೋಗಬೇಡಿ, ಅದು ಅಪರಾಧ.

ಇನ್ನೊಂದು ಸಂಗತಿ, ನಮ್ಮ ಮನೆಯದೇ. ಕಾರಿನ ರೇಡಿಯೋದಲ್ಲಿ ಎಫ್‌ಎಂ ಹಾಕಿದಾಗ ಸ್ಟೇಷನ್ನಿನ ಹೆಸರು ಪರದೆಯ ಮೇಲೆ ಮೂಡುವುದನ್ನು ನೋಡಿದ್ದೀರಾ? ಅದು ಆರ್‌ಡಿಎಸ್. ಹಾಡಿನ ಜೊತೆಗೆ, ಕಿವಿಗೆ ಕೇಳದ 57 ಕಿಲೋಹರ್ಟ್ಸ್‌ನಲ್ಲಿ, ಸೆಕೆಂಡಿಗೆ 1187.5 ಬಿಟ್ಟಿನ ವೇಗದಲ್ಲಿ ಹರಿಯುತ್ತದೆ. ಅದರ ಬೇರು ಹುಡುಕಿದರೆ ಸಿಗುವುದು ಸ್ವೀಡನ್. ಅಲ್ಲಿ 1978ರಲ್ಲಿ ಎಫ್‌ಎಂ ಅಲೆಯ ಬೆನ್ನೇರಿಸಿ ಪೇಜಿಂಗ್ ಸೇವೆ ನಡೆಸಿದ್ದರು. ಆರ್‌ಡಿಎಸ್ ನಿಯಮದಲ್ಲಿ 7ಎ ಎಂಬ ಗುಂಪನ್ನು ಪೇಜಿಂಗಿಗೆಂದೇ ಇಟ್ಟಿದ್ದರು.

ನಿಮ್ಮಲ್ಲಿ ಯಾರಾದರೂ ಪೇಜಿಂಗ್ ಕಂಪನಿಯ ಆಪರೇಟರ್ ಮೇಜಿನಲ್ಲಿ ಕೆಲಸ ಮಾಡಿದ್ದರೆ, ಹೈದರಾಬಾದಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ದಯವಿಟ್ಟು ನಮ್ಮ ಕನ್ನಡ ವಿಭಾಗಕ್ಕೆ ನಾಲ್ಕು ಸಾಲು ಬರೆಯಿರಿ. ಕನ್ನಡದ ಸಂದೇಶ ಬಂದಾಗ ಹೇಗೆ ಟೈಪು ಮಾಡುತ್ತಿದ್ದಿರಿ ಎಂದು ಕೇಳುವುದಿದೆ. ಹಳೆಯ ಪೇಜರ್ ಮನೆಯಲ್ಲಿದ್ದವರು ಬರೆಯುವಾಗ ಅದರ ಹಿಂಬದಿಯ ಏಳು ಅಂಕಿ ನೋಡಿ, ಎಂಟರಿಂದ ಭಾಗಿಸಿ, ಶೇಷವನ್ನೂ ತಿಳಿಸಿ. ಒಂದೇ ಚೌಕಟ್ಟಿನವರು ಎಷ್ಟು ಜನ ಸಿಗುತ್ತಾರೋ ನೋಡೋಣ.