ಬೀದಿಯ ಹಕ್ಕು ಮತ್ತು ಸಭೆಯ ಸಾಕ್ಷಿ

ಪ್ರತಿವರ್ಷ ಏಪ್ರಿಲ್ 14ರಂದು ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಡಾ. ಬಿ. ಆರ್. ಅಂಬೇಡ್ಕರರ ಜಯಂತಿ ಆಚರಿಸಲ್ಪಡುತ್ತದೆ. ಅಂದಿನ ಮೆರವಣಿಗೆಯನ್ನು ರಾಜಕೀಯದ ಆಡಂಬರವೆಂದು ಬದಿಗಿಡುವ ಮನೋಭಾವ ನಮ್ಮ ಸಭೆಗಳಲ್ಲಿ ಇಲ್ಲದಿಲ್ಲ. ಅದರ ಚರಿತ್ರೆಯನ್ನು ಬಲ್ಲವರು ಹಾಗೆನ್ನಲಾರರು.

ಹಿಂದೆ ಈ ಊರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. 1923ರಲ್ಲಿ ಎಸ್. ಕೆ. ಬೋಲೆಯವರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಮಂಡಿಸಿದ ನಿರ್ಣಯವು ಸಾರ್ವಜನಿಕ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಸಾರಿತು. ಆದರೆ ಹಕ್ಕು ಕಾಗದದಲ್ಲಿಯೇ ಉಳಿಯಿತು. ಆದುದರಿಂದ 1927ರ ಮಾರ್ಚ್ 20ರಂದು ಮಹಾಡದಲ್ಲಿ ಅಂಬೇಡ್ಕರರ ನೇತೃತ್ವದಲ್ಲಿ ಸಾವಿರಾರು ಜನರು ಸಾಲಾಗಿ ನಡೆದುಹೋಗಿ ಚವದಾರ ಕೆರೆಯ ನೀರು ಕುಡಿದರು. ಮರುವರ್ಷ ಪುಣೆಯಲ್ಲಿ ಜನಾರ್ದನ ಸದಾಶಿವ ರಣಪಿಸೆಯವರು ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದರು. ನಡೆಯಲು ಬಿಡದ ಬೀದಿಯಲ್ಲಿ ನಡೆಯುವುದೇ ಈ ಉತ್ಸವದ ಹುರುಳು. ಒಂದು ಕಾಲದಲ್ಲಿ ಊರಿನ ಸಾವಿಗೂ ಡಂಗುರಕ್ಕೂ ಬಿಟ್ಟಿಯಾಗಿ ಬಾರಿಸಬೇಕಾಗಿದ್ದ ಹಲಗೆಯನ್ನು ಇಂಥ ಮೆರವಣಿಗೆಗಳಲ್ಲಿ ದಲಿತರು ತಮ್ಮ ಸಂತೋಷಕ್ಕಾಗಿ ಬಾರಿಸುತ್ತಾರೆ.

ಅಮೆರಿಕದ ಕರಿಯ ಜನರ ಚರಿತ್ರೆಯಲ್ಲಿಯೂ ಇದನ್ನೇ ಕಾಣುತ್ತೇವೆ. ದಾಸ್ಯವಿಮೋಚನೆಯ ಘೋಷಣೆ 1863ರ ಜನವರಿ 1ರಂದು ಜಾರಿಗೆ ಬಂದರೂ ಟೆಕ್ಸಾಸಿನ ಗ್ಯಾಲ್ವೆಸ್ಟನ್ನಿನಲ್ಲಿ ಅದನ್ನು ಸಾರಿದುದು 1865ರ ಜೂನ್ 19ರಂದು. ಆ ದಿನವನ್ನು ಪ್ರತಿವರ್ಷ ಕೊಂಡಾಡಲು ಸ್ಥಳವೇ ದೊರೆಯದಾದಾಗ, 1872ರಲ್ಲಿ ಹ್ಯೂಸ್ಟನ್ನಿನ ಬ್ಯಾಪ್ಟಿಸ್ಟ್ ಬೋಧಕ ಜ್ಯಾಕ್ ಯೇಟ್ಸ್ ಮೊದಲಾದವರು ಹಣ ಕೂಡಿಸಿ ಹತ್ತು ಎಕರೆ ಭೂಮಿಯನ್ನು ಕೊಂಡರು. ಅಲ್ಲಿ ಸಭೆಯು ಉತ್ಸವದ ಮುಂದೆ ನಿಂತಿತು. ಈ ಎರಡು ಜನಾಂಗಗಳ ನೋವಿನ ಸಾಮ್ಯವನ್ನು ಅಂಬೇಡ್ಕರರೇ 1946ರಲ್ಲಿ ಡಬ್ಲ್ಯು. ಇ. ಬಿ. ಡುಬೋಯಿಸರಿಗೆ ಬರೆದ ಪತ್ರದಲ್ಲಿ ಗುರುತಿಸಿದ್ದರು.

ನಮ್ಮ ಸಭೆ ಎಲ್ಲಿ ನಿಂತಿದೆ? 1841ರಲ್ಲಿ ಬೆಟಗೇರಿಗೆ ಬಂದ ಬಾಸೆಲ್ ಮಿಷನ್ ಸಭೆಯೊಳಗೆ ಜಾತಿಭೇದವನ್ನು ಒಪ್ಪಲಿಲ್ಲ. ಆದರೆ ಹೊರಗಿನ ಬೀದಿಯಲ್ಲಿ ಜಾತಿ ಉಳಿಯಿತು. ಒಳಗೂ ಅದು ಅಳಿಯಿತೆನ್ನಲು ನಮಗೆ ಧೈರ್ಯವಿಲ್ಲ. 1950ರ ರಾಷ್ಟ್ರಪತಿಗಳ ಆದೇಶವು ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. ಕಾನೂನು ಅವರನ್ನು ಸೋದರರಿಂದ ಬೇರ್ಪಡಿಸಿದ್ದರೆ, ನಾವೂ ಮೆರವಣಿಗೆಯಿಂದ ದೂರ ನಿಂತು ಆ ಬೇರ್ಪಡೆಗೆ ಸಮ್ಮತಿ ಕೊಡುತ್ತಿದ್ದೇವೆ.

ಗರಿಗಳ ಭಾನುವಾರ ನಾವು ಗರಿ ಹಿಡಿದು ನಡೆಯುತ್ತೇವೆ. ಅಂದು ಯೆರೂಸಲೇಮಿನ ದಾರಿಯಲ್ಲಿ ಬಡವರ ಕೂಗನ್ನು ಅಡಗಿಸಬೇಕೆಂದವರಿಗೆ ಕರ್ತನು ಒಪ್ಪಲಿಲ್ಲ. ಆ ಕರ್ತನನ್ನು ಹಿಂಬಾಲಿಸುವ ನಾವು ಏಪ್ರಿಲ್ 14ರಂದು ಬಾಗಿಲು ಮುಚ್ಚಿಕೊಂಡು ಕೂರುವುದು ಯುಕ್ತವಲ್ಲ.